ಹುಳದ ಮನೆಯೊಳಗಿನ ಉಸಿರು

ನಮ್ಮ ಮೇಲೂರಿನಲ್ಲಿ ಎದೆ ಡವಡವ ಅಂದರೆ ಗ್ಯಾಸು, ಕೈ ನಡುಗಿದರೆ ಗ್ಯಾಸು, ಬಸ್ಸಿನಲ್ಲಿ ಕೂತಲ್ಲೇ ಈಗ ಸತ್ತೆ ಅನ್ನಿಸಿದರೆ ಅದೂ ಗ್ಯಾಸೇ. ಚಿಕ್ಕಬಳ್ಳಾಪುರದ ಆಫೀಸಿನಿಂದ ಮನೆಗೆ ಬರುವಾಗ ನನಗೆ ಮತ್ತೆ ಮತ್ತೆ ಹಾಗಾಗತೊಡಗಿತು. ಜೀರಿಗೆ ಕಷಾಯ ಕುಡಿದೂ ಕುಡಿದೂ ನನ್ನ ಬೆವರೇ ಜೀರಿಗೆ ವಾಸನೆ ಹೊಡೆಯುತ್ತಿತ್ತು. ಕೊನೆಗೆ ರೇಗಿಹೋಗಿ ನಾನೇ ಡಾಕ್ಟರ ಹತ್ತಿರ ಹೋದೆ. ಇದು ಆತಂಕದ ಕಾಯಿಲೆ, ಆಂಗ್ಸೈಟಿ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು.

ಅಮ್ಮನಿಗೆ ಹೇಳಿದಾಗ ಅವಳು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಬೀದಿ ಬಾಗಿಲನ್ನು.

"ಮೆಲ್ಲಗೆ ಮಾತಾಡೇ. ಆ ಹೆಸ್ರು ಆಚೆ ಎತ್ಬೇಡ. ಗ್ಯಾಸ್ ಮಾತ್ರೆ ಅನ್ನು, ಸಾಕು."

ಆದರೆ ಪಕ್ಕದ ಮನೆಯ ದೊಡ್ಡಮ್ಮ ನಾನು ಜಗಲಿಯ ಮೇಲೆ ಏದುಸಿರು ಬಿಡುತ್ತಾ ಕೂತಿದ್ದನ್ನು ಒಂದು ದಿನ ನೋಡಿಬಿಟ್ಟಳು. "ಗಾಲಿ ತಗಿಲಿಂದೇಮೋ ಅಮ್ಮಾ" ಎಂದು ತೆಲುಗಿನಲ್ಲೇ ತೀರ್ಪು ಕೊಟ್ಟಳು. ಗಾಳಿ ಸೋಕಿದೆಯಂತೆ. ಮಾರನೆಯ ದಿನವೇ ಅಮ್ಮ ನನ್ನನ್ನು ಕೆಂಚಾರ್ಲಹಳ್ಳಿ ಕಡೆ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿದಳು. ಅದಾದ ಮೇಲೆ ಇನ್ನೊಂದು ಕಟ್ಟಳೆ ಹಾಕಿದಳು: ನಾನು ರೇಷ್ಮೆ ಹುಳದ ಮನೆಗೆ ಕಾಲಿಡಕೂಡದು.

ರೇಷ್ಮೆ ಸಾಕುವವರ ಊರಿನಲ್ಲಿ ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಹೂ ಮುಡಿದು, ಸೆಂಟು ಹಾಕಿಕೊಂಡು ಹೋಗುವಂತಿಲ್ಲ, ಬಾಗಿಲಲ್ಲಿ ಸುಣ್ಣದ ಪುಡಿ ತುಳಿಯದೆ ಒಳಗೆ ಹೋಗುವಂತಿಲ್ಲ. ಅದೆಲ್ಲ ಹೊರಗಿನವರಿಗೆ. ನಾನು ಆ ಮನೆಯ ಮಗಳು, ಲಂಗ ಹಾಕುವ ಕಾಲದಿಂದ ಹಿಪ್ಪುನೇರಳೆ ಸೊಪ್ಪು ಹೊತ್ತವಳು. ನಾನು ಮಲಗುವ ಕೋಣೆಗೂ ಹುಳದ ಮನೆಗೂ ಒಂದೇ ಗೋಡೆ. ಹುಳ ಮೇಯುವ ಸದ್ದು, ಯಾರೋ ಒಣ ಕಾಗದವನ್ನು ನಿಲ್ಲಿಸದೆ ಹಿಸುಕುತ್ತಿರುವಂಥ ಆ ಸದ್ದು, ಕೇಳದಿದ್ದರೆ ಚಿಕ್ಕಂದಿನಲ್ಲಿ ನನಗೆ ನಿದ್ದೆಯೇ ಬರುತ್ತಿರಲಿಲ್ಲ.

"ಅದು ಗಾಳಿ ಅಲ್ಲಮ್ಮ, ಕಾಯಿಲೆ. ನೀನಾದ್ರೂ ನಂಬು."

"ನಂಬ್ತೀನೋ ಬಿಡ್ತೀನೋ, ನೀನು ಒಳಗೆ ಬರ್ಬೇಡ. ಬೆಳೆ ಕೆಟ್ಟೋಗುತ್ತೆ."

ಊರೇ ನನ್ನನ್ನು ಗಾಳಿ ಮೆಟ್ಟಿದವಳು ಅಂದರೂ ಸಹಿಸುತ್ತಿದ್ದೆ. ಅಮ್ಮ ಅನ್ನಬಾರದಿತ್ತು. ಎಷ್ಟೋ ದಿನ ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಹುಳ ದೊಡ್ಡದಾಗುವುದರೊಳಗೆ ಕೆಲವು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ, ಹುಳವನ್ನು ಮುಟ್ಟುವುದಿಲ್ಲ, ಒಳಗೆ ಯಾರಿಗೂ ಕೆಲಸವಿರುವುದಿಲ್ಲ. ಅಂಥದೊಂದು ಮಧ್ಯಾಹ್ನ ನಾನು ಬಸ್ಸಿನಲ್ಲಿ ಎದೆ ಹಿಡಿದುಕೊಂಡೇ ಮನೆ ಸೇರಿದೆ. ಅಪ್ಪ ತೋಟದಲ್ಲಿದ್ದರು, ಅಮ್ಮ ಕಾಣಲಿಲ್ಲ. ಕೋಣೆಗೆ ಹೋಗಿ ಗೋಡೆಗೆ ಒರಗಿ ಕೂತೆ. ಗೋಡೆಯಾಚೆ ಮೇಯುವ ಸದ್ದಿಲ್ಲ. ಆ ನಿಶ್ಶಬ್ದದಲ್ಲಿ ನನ್ನ ಉಸಿರು ಕೇಳಿಸುತ್ತಿತ್ತು, ಚಿಕ್ಕದಾಗಿ, ತುಂಡು ತುಂಡಾಗಿ. ಡಾಕ್ಟರು ಹೇಳಿಕೊಟ್ಟಂತೆ ಉಸಿರನ್ನು ತುಸು ಹಿಡಿದೆ.

ಉಸಿರು ನಿಲ್ಲಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದೆ. ಆದರೂ ಅದೇ ಉಸಿರು, ಅದೇ ತುಂಡು ತುಂಡು, ನನ್ನ ಕಿವಿಯ ಪಕ್ಕದಲ್ಲೇ ನಡೆದಿತ್ತು. ಮೈಯೆಲ್ಲ ಜುಮ್ಮೆಂದಿತು. ದೊಡ್ಡಮ್ಮ ಹೇಳಿದ್ದೇ ನಿಜವೇನೋ, ನನ್ನೊಳಗಿದ್ದದ್ದು ಆಚೆ ಬಂದು ಕೂತಿದೆಯೇನೋ ಅನ್ನಿಸಿ ತಾಯಿತವನ್ನು ತಡವಿ ಹಿಡಿದೆ. ಓದಿದವಳು ನಾನು, ನಾಚಿಕೆಯಾಗಬೇಕಿತ್ತು. ಆದರೆ ಆಗ ಹೆದರಿಕೆ ಬಿಟ್ಟು ಬೇರೇನೂ ಇರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತಿರಲಾರದೆ ಅಮ್ಮನನ್ನು ಹುಡುಕಿಕೊಂಡು ಎದ್ದು ಹೋಗಿ, ಸುಣ್ಣದ ಪುಡಿ ತುಳಿದು, ಹುಳದ ಮನೆಯ ಗೋಣಿ ಪರದೆ ಸರಿಸಿದೆ.

ಒಳಗೆ ಅರೆಗತ್ತಲು. ಅಟ್ಟಣಿಗೆಗಳ ತುಂಬ ಹುಳಗಳು ತಲೆ ಎತ್ತಿ ಅಲುಗದೆ ನಿಂತಿದ್ದವು. ಪ್ರತಿಯೊಂದೂ ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗಿತ್ತು. ಕೊನೆಯ ಅಟ್ಟಣಿಗೆಯ ಹಿಂದೆ, ನನ್ನ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಅಮ್ಮ ಕೂತಿದ್ದಳು. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಕೈ ನನ್ನ ಕೈ ನಡುಗುವ ಹಾಗೆಯೇ ನಡುಗುತ್ತಿತ್ತು.

ಪಕ್ಕದಲ್ಲಿ ಕೂತೆ. ಅವಳು ಬೈಯಲಿಲ್ಲ. ಉಸಿರು ಹದಕ್ಕೆ ಬರಲು ತುಂಬ ಹೊತ್ತು ಹಿಡಿಯಿತು.

"ಯಾವಾಗಿಂದಮ್ಮ?"

"ನೀನು ಹುಟ್ಟೋಕ್ಕೆ ಮುಂಚಿಂದ. ಇಲ್ಲಿಗೆ ಯಾರೂ ಬರಲ್ವಲ್ಲ. ಹುಳ ಮೇಯ್ತಿದ್ರೆ ಯಾರ್ಗೂ ಕೇಳ್ಸಲ್ಲ. ಜ್ವರದ ದಿನಾನೇ ಕಷ್ಟ."

"ಅದಕ್ಕೇನಾ ನನ್ನ ಬರ್ಬೇಡ ಅಂದಿದ್ದು?"

ಅವಳು ಹೌದೆಂದು ತಲೆಯಾಡಿಸಿದಳು. "ಮುಂಚೆ ನೋಡಿದ್ರೂ ನಿಂಗೆ ತಿಳೀತಿರ್ಲಿಲ್ಲ, ಈಗ ನೋಡಿದ್ರೆ ಗೊತ್ತಾಗ್ಬಿಡುತ್ತೆ ಅಂತ." ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಷ್ಟು ದಿನದ ಮುನಿಸನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ನಂಗೊಬ್ಳಿಗೇ ಹಿಂಗೆ ಅನ್ಕೊಂಡಿದ್ದೆ ಕಣೇ. ಇದಕ್ಕೊಂದು ಹೆಸ್ರಿದೆ ಅಂತ ನೀನು ಹೇಳಿದ ಮೇಲೇ ಗೊತ್ತಾಗಿದ್ದು" ಎಂದಳು. ಆಮೇಲೆ ಹುಳಗಳಿಗೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದಳು. "ಆ ಮಾತ್ರೆ, ನನ್ನಂಥ ವಯಸ್ಸಾದೋರ್ಗೂ ಕೊಡ್ತಾರಾ?"

ಈಗ ಅಮ್ಮನೂ ನನ್ನ ಜೊತೆ ಡಾಕ್ಟರ ಹತ್ತಿರ ಬರುತ್ತಾಳೆ. ಎಲ್ಲಿಗೆ ಎಂದು ದೊಡ್ಡಮ್ಮ ಕೇಳಿದರೆ ಇಬ್ಬರೂ ಗ್ಯಾಸು ಅನ್ನುತ್ತೇವೆ. ಅಮ್ಮ ಮೊದಲಿಗಿಂತ ಚೆನ್ನಾಗಿದ್ದಾಳೆ. ನನಗೇ ಹುಳ ಮೇಯುವ ಸದ್ದು ಸಹಿಸಲು ಆಗುತ್ತಿಲ್ಲ. ಸದ್ದು ಜೋರಾದಾಗಲೆಲ್ಲ ಗೋಡೆಗೆ ಕಿವಿಯಿಟ್ಟು, ನನ್ನ ಉಸಿರು ಹಿಡಿದು, ಅದರ ಕೆಳಗೆ ಇನ್ನೊಂದು ಉಸಿರಿದೆಯೇ ಎಂದು ಕೇಳುತ್ತೇನೆ. ಚಿಕ್ಕಂದಿನಲ್ಲಿ ಆ ಗೋಡೆಯ ಈಚೆ ನಾನು ನೆಮ್ಮದಿಯಾಗಿ ನಿದ್ದೆ ಹೋಗುತ್ತಿದ್ದಾಗ, ಆಚೆ ಅಮ್ಮ ಕೂತಿರುತ್ತಿದ್ದಳು.