ಅಜ್ಜನ ಫೋಟೊ ಮೇಲಿದ್ದ ವೆಬ್‌ಸೈಟು

ನನ್ನ ಸೋದರಮಾವ ಫೋನಿನಲ್ಲಿ ಮಾತಾಡುವುದನ್ನು ನಾನು ನಟಿಸಿ ತೋರಿಸಿದರೆ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ‘ಹಲೋ’, ಉದ್ದನೆಯ ಕೆಮ್ಮು, ಆಮೇಲೆ ‘ಹೇಳ್ರಿ’. ಆ ಕೆಮ್ಮು ಗಿಣಿಗೇರಾದ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ಗಳಿಸಿದ್ದು. ಡಾಕ್ಟರು ಕೆಲಸ ಬಿಡು ಎಂದರು, ಬಿಟ್ಟ. ಹನುಮನಹಳ್ಳಿಯಲ್ಲಿದ್ದ ಅಜ್ಜನ ಜಾಗದಲ್ಲಿ ನಾಲ್ಕು ಕೋಣೆ ಕಟ್ಟಿಸಿ, ಹನುಮಪ್ಪನ ಬೆಟ್ಟ ಅಂಜನಾದ್ರಿಗೆ ಬರುವವರ ದಾರಿ ಕಾಯುತ್ತ ಕೂತ. ಕೋಣೆ ತುಂಬದಿದ್ದರೆ ಮತ್ತೆ ಕುಲುಮೆಯೇ ಗತಿ.

ಗಂಗಾವತಿಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದ ನಾನು, ಅರ್ಧ ಕಲಿತವರಿಗೆ ಇರಬೇಕಾದಷ್ಟು ಜಂಬದಿಂದ, ವೆಬ್‌ಸೈಟು ಮಾಡಿಕೊಡುತ್ತೇನೆಂದೆ. ಲಗ್ನಪತ್ರಿಕೆಯಿರಲಿ, ಅಂಗಡಿ ಬೋರ್ಡಿರಲಿ, ನಮ್ಮ ಕಡೆ ಮೇಲೆ ದೇವರು ಮತ್ತು ಹಿರಿಯರು, ಉಳಿದದ್ದು ಆಮೇಲೆ. ಮಾವನದೂ ಅದೇ ಹಟ. ಎಡಕ್ಕೆ ಅಜ್ಜ, ಬಲಕ್ಕೆ ಹನುಮಪ್ಪ. ಅಜ್ಜನದು ಇದ್ದದ್ದು ಒಂದೇ ಫೋಟೊ, ಗೋಡೆಯ ಮೇಲಿನದು, ಹೂಮಾಲೆ ಕುಂಕುಮ ಸಮೇತ. ಕಂಪ್ಯೂಟರಿನ ಅಗಲ ಪರದೆಯಲ್ಲಿ ಇಬ್ಬರೂ ಮೂಲೆಗಳಲ್ಲಿ ಸಣ್ಣಗೆ ಕೂತಿದ್ದರು, ನಡುವೆ ಕೋಣೆಗಳು, ಫೋನ್ ನಂಬರು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮೊಬೈಲಿನಲ್ಲಿ ನೋಡಲಿಲ್ಲ; ನನ್ನದು ಗುಂಡಿ ಒತ್ತುವ ಫೋನು.

ಹಂಗಾಮು ಬಂತು. ಬೆಟ್ಟದ ಕೆಳಗೆ ಗಾಡಿ ನಿಲ್ಲಿಸಲು ಜಾಗವಿಲ್ಲ, ಮಾವನ ಕೋಣೆಗಳಿಗೆ ಮಾತ್ರ ಬೀಗ. ಒಂದು ಮಧ್ಯಾಹ್ನ ಚಹಾದಂಗಡಿಯಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರು ಮೊಬೈಲಿನಲ್ಲಿ ನನ್ನ ವೆಬ್‌ಸೈಟನ್ನೇ ನೋಡುತ್ತಿದ್ದರು. ನಾನು ಉಬ್ಬಿಹೋಗಿ, “ರೂಮ್ ಛಲೋ ಅದಾವ್ರಿ ಅಲ್ಲಿ” ಎಂದೆ.

“ಬ್ಯಾಡೋ ತಮ್ಮಾ. ಹಿರ್ಯಾರು ಹೋಗ್ಯಾರ ನೋಡು, ಸೂತಕದ ಮನಿ. ಹನುಮಪ್ಪನ ದರ್ಶನಕ್ಕ ಬಂದು ಅಲ್ಲಿ ಹೆಂಗ ಇಳಿಯೂದು?”

ಬಗ್ಗಿ ನೋಡಿದೆ. ಪಕ್ಕಪಕ್ಕದಲ್ಲಿದ್ದದ್ದೆಲ್ಲ ಆ ಸಣ್ಣ ಪರದೆಯಲ್ಲಿ ಒಂದರ ಕೆಳಗೊಂದು ಇಳಿದು, ಪರದೆ ತುಂಬ ಮಾಲೆ ಹಾಕಿಕೊಂಡ ಅಜ್ಜ. ಬೆರಳಿನಿಂದ ಮೇಲೆ ತಳ್ಳಿದರೆ ಹನುಮಪ್ಪ, ಇನ್ನೂ ತಳ್ಳಿದರೆ ಕೋಣೆ. ನಾನು ಶಾಲೆಗೆ ಹೋಗುವ ಮೊದಲೇ ತೀರಿಹೋದ ಅಜ್ಜ, ನಿನ್ನೆ ಹೋದವನಂತೆ ನನ್ನನ್ನೇ ನೋಡುತ್ತಿದ್ದ.

ಮನೆಗೆ ಹೋದಾಗ ಮಾವ ಕಾರ್ಖಾನೆಯ ಬೂಟು ಹೊರಗೆ ತೆಗೆದು ಧೂಳು ಝಾಡಿಸುತ್ತಿದ್ದ. ನಡೆದದ್ದು ಹೇಳಿ, “ಅಜ್ಜನ್ನ ಎಲ್ಲಾಕಿಂತ ಕೆಳಗ ಹಾಕೂಣು ಮಾವಾ” ಎಂದೆ.

“ಅಪ್ಪನ ಜಾಗಾದಾಗ ರೂಮ್ ಕಟ್ಟಿ, ಅಪ್ಪನ್ನ ಕಾಲ ಕಡೆ ಕುಂದ್ರಸು ಅಂತೀಯಲ್ಲ, ಶಾಣ್ಯಾ?”

“ಮೊಬೈಲ್‌ನಾಗ ಮ್ಯಾಲ ಒಬ್ಬರಿಗೇ ಜಾಗ ಐತಿ.”

ಮಾವ ಬೂಟನ್ನು ನೋಡಿದ, ಗೋಡೆಯ ಫೋಟೊ ನೋಡಿದ.

“ಕೆಳಗ ಹಾಕು. ತಗೀಬ್ಯಾಡ ಮತ್ತ.”

ಗಂಗಾವತಿಗೆ ಹೋಗಿ ಹಾಗೇ ಬದಲಿಸಿ ಬಂದೆ. ಮಾವ ಬೂಟನ್ನು ಒಳಗಿಟ್ಟಿರಲಿಲ್ಲ, ಬಾಗಿಲಲ್ಲೇ ಇತ್ತು. ಮರುದಿನ ಕೋಣೆ ಕೇಳಿ ಮಾವನಿಗೆ ಫೋನ್ ಬಂತು. ‘ಹಲೋ’ ಎಂದವನೇ ಕೆಮ್ಮತೊಡಗಿದ. ಕೆಮ್ಮು ನಿಲ್ಲಲಿಲ್ಲ. ಆ ಕಡೆಯ ಹೆಣ್ಣುದನಿ ಹೊರಗೂ ಕೇಳಿಸಿತು: “ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?”

ಮಾವ ಟವೆಲಿನಿಂದ ಬಾಯಿ ಒತ್ತಿಕೊಂಡು ಫೋನನ್ನು ನನ್ನ ಕೈಗಿಟ್ಟ.

“ಹೇಳ್ರಿ” ಎಂದೆ. ಅವನದೇ ದನಿ, ಅವನದೇ ಎಳೆತ, ಕೆಮ್ಮೊಂದನ್ನು ಬಿಟ್ಟು. “ಎಲ್ಲಾರೂ ಆರಾಮ ಅದೀವ್ರಿ, ಬರ್ರಿ.”

ಮನೆಯವರೆಲ್ಲ ಅಲ್ಲೇ ಇದ್ದರು. ಯಾರೂ ನಗಲಿಲ್ಲ.