ಅತ್ತೆಯವರ ಷಡ್ಜ

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದ ವಾರವೇ ಅತ್ತೆಯವರು ಹಾಡುವುದನ್ನು ನಿಲ್ಲಿಸಿದರು. ಎಂಬತ್ತರ ದಶಕದ ನಡುವಿನ ಮಾತು. ಶಿಗ್ಗಾಂವದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಗೋಡೆಗೆ ಗೋಡೆ ಹಚ್ಚಿ ಹಿಟ್ಟಿನ ಗಿರಣಿ. ನಾನು ಆ ಮನೆಗೆ ಸೊಸೆಯಾಗಿ ಹೋದಾಗಿನಿಂದ ಅತ್ತೆಯವರು ಮುಂಜಾನೆ ಕಾಯಿಪಲ್ಯ ಹೆಚ್ಚುತ್ತ ದೇವರ ಹಾಡು ಹಾಡುತ್ತಿದ್ದರು. ಅದು ಒಮ್ಮೆಲೇ ನಿಂತುಹೋಯಿತು.

ಉಳಿದದ್ದೆಲ್ಲ ಮೊದಲಿನಂತೆಯೇ ಇತ್ತು. ರೊಟ್ಟಿ ಬಡಿಯುತ್ತಿದ್ದರು, ನನ್ನ ಊಟದ ಡಬ್ಬಿ ತಾವೇ ಕಟ್ಟುತ್ತಿದ್ದರು. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಬೈಯದ ಅತ್ತೆಯೊಡನೆ ಜಗಳ ಆಡುವುದು ಹೇಗೆ? ಗಂಡನನ್ನು ಕೇಳಿದರೆ ಗಂಟಲು ಕೆಟ್ಟಿರಬೇಕು ಎಂದು ಪೇಪರಿನೊಳಗೆ ಮುಖ ಮುಚ್ಚಿಕೊಂಡರು. ಸೊಸೆ ಕೆಲಸಕ್ಕೆ ಹೋಗುವುದು ಅವರಿಗೆ ಬೇಡವಾಗಿದೆ ಎಂದು ನಾನೇ ತೀರ್ಮಾನಿಸಿಕೊಂಡೆ. ಕೆಲಸ ಬಿಟ್ಟುಬಿಡಬೇಕೇನೋ ಎಂಬಲ್ಲಿಯವರೆಗೂ ಯೋಚನೆ ಹೋಯಿತು.

ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಭಾವನವರು ರಜೆಗೆ ಬಂದಾಗ ಒಂದು ಕಂಪ್ಯೂಟರ್ ತಂದು, ಸೈನ್ಸ್ ಓದಿದವಳು ನೀನೇ ಎಂದು ನನ್ನ ಮುಂದಿಟ್ಟು ಹೋಗಿದ್ದರು. ನೋಡಲು ಟೈಪ್‌ರೈಟರಿನ ಕೀಲಿಗಳಷ್ಟೇ. ಅದನ್ನು ಟಿವಿಗೆ ಜೋಡಿಸಬೇಕು. ಅದರ ಬೆನ್ನಿಗೆ ಸಿಕ್ಕಿಸಲು ಒಂದು ಸಂಗೀತದ ಪೆಟ್ಟಿಗೆಯೂ ಇತ್ತು. ಒಟ್ಟಿಗೆ ಮೂರು ಸ್ವರ ನುಡಿಸುತ್ತಿತ್ತು, ಜೊತೆಗೆ ಜರಡಿ ಹಿಡಿದಂಥ ಒಂದು ಸರಸರ ಸದ್ದು. ಬಾರಿಸಲು ಹಾರ್ಮೋನಿಯಮ್ಮಿನಂತೆ ಮನೆಗಳಿಲ್ಲ, ತಂತಿಯಿಲ್ಲ. ಪ್ರೋಗ್ರಾಮ್ ಬರೆದು ಅದರ ಖಾನೆಗಳಲ್ಲಿ ಸಂಖ್ಯೆ ತುಂಬಬೇಕು.

ಅಟ್ಟದ ಮೇಲೆ ಬುರುಡೆ ಸೀಳಿದ ತಂಬೂರಿ ಇದ್ದದ್ದು ನೆನಪಾಯಿತು. ಈ ಪೆಟ್ಟಿಗೆಯಿಂದಲೇ ತಂಬೂರಿ ನುಡಿಸಿದರೆ? ಶ್ರುತಿ ಕಿವಿಗೆ ಬಿದ್ದರೆ ಹಾಡಿಯಾರು, ಹಾಡಿದರೆ ಸಿಟ್ಟು ಇಳಿದಂತೆ.

ಮೊದಲ ದಿನವೇ ಕಂಗಾಲಾದೆ. ದೊಡ್ಡ ಸಂಖ್ಯೆ ಕೊಟ್ಟರೆ ಸ್ವರ ಏರುತ್ತದೆ ಎಂದುಕೊಂಡಿದ್ದೆ, ಅದು ಇಳಿಯಿತು. ಅಲ್ಲಿ ತುಂಬಬೇಕಾದದ್ದು ಅಲೆಗಳ ನಡುವಿನ ಅಂತರ ಎಂದು ತಿಳಿಯುವಷ್ಟರಲ್ಲಿ ತಲೆ ಚಿಟ್ಟು ಹಿಡಿದಿತ್ತು. ಇದೇ ತಪ್ಪನ್ನು ನನ್ನ ವಿದ್ಯಾರ್ಥಿಗಳು ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಕರೆಂಟು ಕಣ್ಣು ಮಿಟುಕಿಸಿದರೆ ಬರೆದದ್ದೆಲ್ಲ ಮಾಯ. ಕ್ಯಾಸೆಟ್ಟಿಗೆ ತುಂಬಿಡುವುದನ್ನು ಕಲಿತೆ.

ಕೊನೆಗೂ ಪ, ಸ, ಕೆಳಗಿನ ಸ ಮೂರೂ ಕೂಡಿ ನುಡಿದವು. ಅತ್ತೆಯವರನ್ನು ಕರೆದು ಕೂರಿಸಿದೆ. ಛಲೋ ಐತಿ ಎಂದರು, ಹಾಡಲಿಲ್ಲ. ಷಡ್ಜ ಏರಿಸಿದೆ, ಇಳಿಸಿದೆ. ಪ್ರತಿಸಲವೂ ಇದಲ್ಲ ಎಂದರು. ನಿಮ್ಮ ಷಡ್ಜ ಯಾವುದು ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಭಾವನವರು ಹಿಂದೊಮ್ಮೆ ಅವರ ಹಾಡನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಅದನ್ನು ಹಚ್ಚಿ ಪೆಟ್ಟಿಗೆಯ ಸ್ವರವನ್ನು ಹೊಂದಿಸತೊಡಗಿದೆ. ಪಲ್ಲವಿಗೆ ಒಂದು ಸಂಖ್ಯೆ ಕೂಡಿತು. ಮುಂದಿನ ನುಡಿಗೆ ಅದು ಕೂಡಲಿಲ್ಲ, ಷಡ್ಜವೇ ಒಂದಿಷ್ಟು ಕೆಳಗೆ ಜಾರಿತ್ತು. ಆಮೇಲೆ ಮತ್ತೆ ಏರಿತ್ತು. ಅಪಸ್ವರ ಎನ್ನಲು ಬಾಯಿಲ್ಲ, ಹಾಡು ಹಾಡಿನಂತೆಯೇ ಇತ್ತು. ನನ್ನ ಪ್ರೋಗ್ರಾಮ್ ತಪ್ಪೋ, ಕಿವಿ ತಪ್ಪೋ, ಟೇಪು ಎಳೆಯುತ್ತಿದೆಯೋ, ತಲೆಬುಡ ತಿಳಿಯಲಿಲ್ಲ. ಟೇಪಿನಲ್ಲಿ ಹಾಡಿನ ಹಿಂದೆ ಗಿರಣಿಯ ಇಂಜಿನ್ನು ಬೇರೆ ಕುಕ್ಕುಕ್ ಎನ್ನುತ್ತಿತ್ತು. ಅದನ್ನು ಬೈದುಕೊಂಡೇ ಕೇಳಿದೆ.

ಹಾಗೆ ಗೊಂದಲದಲ್ಲಿದ್ದಾಗ ಒಂದು ಮುಂಜಾನೆ ಕರೆಂಟು ಹೋಯಿತು. ಗಿರಣಿಯ ಮಾಲೀಕರು ಈಚೆಗೆ ಸದ್ದಿಲ್ಲದ ಕರೆಂಟಿನ ಮೋಟರು ಕೂರಿಸಿದ್ದರು. ಮದುವೆ ಮನೆಯವರ ಗೋಧಿ ಬಂದು ಬಿದ್ದಿದ್ದರಿಂದ ಅಂದು ಹಳೆಯ ಡೀಸೆಲ್ ಇಂಜಿನ್ನನ್ನೇ ಚಾಲೂ ಮಾಡಿದರು. ಕುಕ್ಕುಕ್ ಸದ್ದು ಗೋಡೆ ದಾಟಿ ಬಂತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಅತ್ತೆಯವರು ಹಾಡತೊಡಗಿದರು.

ನಾನು ಸೀರೆಯ ನೆರಿಗೆ ಹಿಡಿದುಕೊಂಡೇ ನಿಂತೆ. ಆಚೆ ಕಾಳು ಸುರಿದಾಗ ಇಂಜಿನ್ನು ತಿಣುಕಿ ಅದರ ಗುಂಯ್ ಎಂಬ ಸ್ವರ ತುಸು ಇಳಿಯುತ್ತಿತ್ತು, ಈಚೆ ಹಾಡೂ ಇಳಿಯುತ್ತಿತ್ತು. ಕಾಳು ತೀರಿದಾಗ ಎರಡೂ ಏರುತ್ತಿದ್ದವು. ಮೋಟರು ಬಂದದ್ದೂ ನಾನು ಕೆಲಸಕ್ಕೆ ಸೇರಿದ ವಾರವೇ ಎಂಬುದು ಆಗ ಹೊಳೆಯಿತು. ಆದರೂ ನನ್ನ ಮೇಲೆ ಸಿಟ್ಟಿದೆಯೆಂಬ ಅನುಮಾನ ಪೂರ್ತಿ ಹೋಗಲಿಲ್ಲ.

ತಂಬೂರಿ ಕೈಬಿಟ್ಟೆ. ಸರಸರ ಸದ್ದನ್ನು ತುಂಡು ತುಂಡು ಮಾಡಿ ಕುಕ್ಕುಕ್ ಮಾಡಿದೆ, ಅದರ ಕೆಳಗೆ ಮಂದ್ರದಲ್ಲಿ ಒಂದು ಗುಂಯ್ ಇಟ್ಟೆ. ರಜೆಯ ದಿನ ಮುಂಜಾನೆ ಅತ್ತೆಯವರು ಪಡಸಾಲೆಯಲ್ಲಿ ಹೀರೇಕಾಯಿ ಹೆಚ್ಚಲು ಕೂತಾಗ ಹಚ್ಚಿದೆ. ಅವರ ಕೈ ನಿಂತಿತು. ಕಿವಿಗೊಟ್ಟರು. ಹಾಡಲಿಲ್ಲ.

ನನಗೆ ತಡೆಯಲಾಗಲಿಲ್ಲ.

"ಅತ್ತೀ, ನಾ ಕೆಲಸಕ್ಕ ಹೋಗೋದು ನಿಮಗ ಬ್ಯಾಡೇನ್ರಿ? ನನ್ನ ಮ್ಯಾಲೆ ಸಿಟ್ಟ ಐತೇನ್ರಿ?"

ಅವರು ಈಳಿಗೆ ಮಣೆ ಪಕ್ಕಕ್ಕೆ ಸರಿಸಿದರು. "ನಿನ್ನ ಮ್ಯಾಲೆ ಯಾಕವಾ ಸಿಟ್ಟು? ಬಾಯಿಗೆ ಹಾಡ ಬರವಲ್ದು. ಯಾಕ ಅಂತ ನನಗ ತಿಳೀಲಿಲ್ಲ, ನಿನಗೇನ್ ಹೇಳ್ಲಿ?"

ಆಮೇಲೆ ತವರಿನ ಸುದ್ದಿ ತೆಗೆದರು. ತಿಳವಳ್ಳಿಯಲ್ಲಿ ಅವರ ಅವ್ವ ನಸುಕಿನಲ್ಲಿ ಬೀಸುವ ಕಲ್ಲಿಗೆ ಕೂತರೆ ಇವರು ಎದುರು ಕೂತು ಹಿಡಿ ಹಿಡಿ ಕಾಳು ಹಾಕುತ್ತ ಹಾಡಬೇಕಿತ್ತಂತೆ. ಹಾಡು ಕಲಿತದ್ದೇ ಹಾಗೆ. ಇಷ್ಟು ಹೇಳಿ ಪೆಟ್ಟಿಗೆಯ ಕಡೆ ಗದ್ದ ಎತ್ತಿದರು.

"ನೀ ಬರೇ ಕಲ್ಲು ತಿರುವಾಕತ್ತಿ ನೋಡು. ಬರೇ ಕಲ್ಲಿಗೆ ಹಾಡಬಾರದು. ಕಾಳು ಹಾಕು."

ನಾನು ಸಂಖ್ಯೆಯನ್ನು ಸ್ವಲ್ಪ ಹೆಚ್ಚಿಸಿದೆ. ಕಾಳು ಬಿದ್ದ ಹಾಗೆ ಗುಂಯ್ ಸ್ವರ ತುಸು ಇಳಿಯಿತು. ಅತ್ತೆಯವರು ಈಳಿಗೆ ಎಳೆದುಕೊಂಡು ಹಾಡು ಎತ್ತಿದರು. ನಾನು ಕಣ್ಣೊರೆಸಿಕೊಳ್ಳುತ್ತ, ಅವರ ಒಂದೊಂದು ನುಡಿಗೂ ಕಾಳು ಹಾಕುತ್ತ ಕುಳಿತೆ.