ಚುಕ್ಕೆಯಿಲ್ಲದ ಮುನಿಯಮ್ಮ

ದೆವ್ವ, ಮಾಟ ಅಂತ ಯಾರಾದರೂ ಕಥೆ ಶುರುಮಾಡಿದರೆ ಅವರದೇ ದನಿಯಲ್ಲಿ ಅಣಕಿಸಿ ಎಬ್ಬಿಸಿ ಕಳಿಸುತ್ತಿದ್ದವನು ನಾನು. ಈಗ ಇದನ್ನು ಬರೆಯಲು ನನಗೇ ನಾಚಿಕೆ. ನೀವೂ ನನ್ನನ್ನು ಅಣಕಿಸಿ, ಅಡ್ಡಿಯಿಲ್ಲ.

ಮೂರು ವರ್ಷದ ಹಿಂದಿನ ಮಾತು. ಸೂಲಿಬೆಲೆ ಕಡೆಯ ಹಾಲಿನ ಸಂಘಗಳ ಯಂತ್ರಗಳಿಂದ ದಿನದ ವಿವರ ಎಳೆದು ಒಂದೇ ಪಟ್ಟಿಗೆ ಸೇರಿಸುವ ಪ್ರೋಗ್ರಾಮ್ ಬರೆದಿದ್ದೆ. ಯಾರು ಹಾಕಿದರು, ಎಷ್ಟು ಲೀಟರ್, ಎಷ್ಟು ಹೊತ್ತಿಗೆ. ಹೊತ್ತೆಂದರೆ ಸೆಕೆಂಡಿನ ನೂರನೇ ಪಾಲಿನವರೆಗೆ, 6:14:22.37 ಅನ್ನುವ ಹಾಗೆ. ಹಾಲಿಗೆ ಇಷ್ಟು ನಿಖರತೆ ಯಾಕೆಂದು ಆ ಯಂತ್ರ ಮಾಡಿದ ಪುಣ್ಯಾತ್ಮನನ್ನೇ ಕೇಳಬೇಕು.

ನಮ್ಮೂರ ಸಂಘದ ಚುನಾವಣೆ ಬಂತು. ದಿನಾ ಸಂಘಕ್ಕೆ ಹಾಲು ಹಾಕುವ ಮುನಿಯಮ್ಮ ನಿರ್ದೇಶಕಿ ಸ್ಥಾನಕ್ಕೆ ನಿಲ್ಲಬೇಕೆಂದಿದ್ದರು. ಹಾಲು ಹಾಕುವವರಿಗಷ್ಟೇ ಮತ, ಹಾಗಾಗಿ ಮತದಾರರ ಪಟ್ಟಿಯನ್ನು ನನ್ನ ಪ್ರೋಗ್ರಾಮಿನ ಪಟ್ಟಿಯಿಂದಲೇ ಮಾಡಿದ್ದರು. ನೋಡಿದರೆ ಅದರಲ್ಲಿ ಅವರ ಹೆಸರೇ ಇಲ್ಲ. ಹೊಸ ಯಂತ್ರ ಬಂದ ಎರಡು ತಿಂಗಳಿಂದ ಅವರು ಒಂದು ದಿನವೂ ಹಾಲು ಹಾಕಿಲ್ಲವಂತೆ! ಹಾಲಿನ ದುಡ್ಡಿನ ಬಟವಾಡೆ ಮಾತ್ರ ಯಂತ್ರದ ಚೀಟಿ ನೋಡಿ ಸರಿಯಾಗಿ ಆಗಿತ್ತು. ಹಾಕದ ಹಾಲಿಗೆ ಬಟವಾಡೆ ಹೇಗಾಯಿತೆಂದು ಒಬ್ಬರಿಗೂ ಹೊಳೆಯಲಿಲ್ಲ. ಸೆಕ್ರೆಟರಿ ಎಲ್ಲರೆದುರು ಕೇಳಿದ್ದು ಒಂದೇ: "ಕಂಪ್ಯೂಟರ್‌ಗೇನು ನಿನ್ ಮೇಲೆ ಹಗೆನಾ, ಮುನಿಯಮ್ಮಾ?" ಆ ಮಾತನ್ನು ಟೀ ಅಂಗಡಿಯಲ್ಲಿ ಅದೇ ಮೂಗುದನಿಯಲ್ಲಿ ನಾಲ್ಕು ಸಲ ಮಾಡಿ ತೋರಿಸಿ ನಗಿಸಿದೆ. ಬುದ್ಧಿ ನನ್ನದು ಅಷ್ಟೇ ಇತ್ತು.

ಮರುದಿನ ಮುನಿಯಮ್ಮ ಸೆರಗಿನಲ್ಲಿ ಗಂಟುಕಟ್ಟಿದ್ದ ಚೀಟಿಗಳನ್ನು ನಮ್ಮ ಜಗಲಿ ಮೇಲೆ ಸುರಿದರು. "ಊರೋರ ದನಿಯೆಲ್ಲಾ ಮಾಡ್ತೀಯ. ನನ್ ಚೀಟಿನೂ ವಸಿ ಓದಪ್ಪಾ."

ಓದಿದೆ. 6:14:22. 6:09:51. 6:20:08. ಯಾವುದರಲ್ಲೂ ಸೆಕೆಂಡಿನ ಮುಂದೆ ಚುಕ್ಕೆಯಿಲ್ಲ, ನೂರನೇ ಪಾಲಿಲ್ಲ. ಸೆಕೆಂಡು ಸರಿಯಾಗಿ ತುಂಬಿದ್ದರೆ ಯಂತ್ರ ಚುಕ್ಕೆಯನ್ನೂ ಸೊನ್ನೆಗಳನ್ನೂ ಬರೆಯುವುದಿಲ್ಲ. ಚುಕ್ಕೆಯಿಲ್ಲದ ಸಾಲನ್ನು ನನ್ನ ಪ್ರೋಗ್ರಾಮ್ ಸದ್ದಿಲ್ಲದೆ ಎಸೆಯುತ್ತಿತ್ತು. ತಪ್ಪು ನನ್ನದು, ಹತ್ತು ನಿಮಿಷದಲ್ಲಿ ತಿದ್ದಿದೆ. ಉಳಿದವರಿಗೂ ಅಲ್ಲೊಂದು ಇಲ್ಲೊಂದು ದಿನ ಹೀಗೆ ಹೋಗಿತ್ತು. ಆದರೆ ಮುನಿಯಮ್ಮನಿಗೆ ಎರಡು ತಿಂಗಳು, ಒಂದು ದಿನವೂ ಬಿಡದೆ?

ಬೆಳಿಗ್ಗೆ ಹೋಗಿ ಯಂತ್ರದ ಪಕ್ಕ ನಿಂತೆ. ಅವರು ಹಾಲು ಸುರಿದರು, ಚುಕ್ಕೆಯಿಲ್ಲ. ಅದೇ ಕ್ಯಾನಿನಿಂದ ನಾನು ಸುರಿದೆ, ಚುಕ್ಕೆ ಬಂತು. ಗುಂಡಿ ಒತ್ತುವವರನ್ನು ಬದಲಿಸಿದೆವು, ಗಡಿಯಾರ ಬದಲಿಸಿದೆವು. ವಾರವಿಡೀ ಅದೇ. ಇವತ್ತಿಗೂ ಅವರ ಚೀಟಿಯಲ್ಲಿ ಚುಕ್ಕೆ ಬಿದ್ದಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ.

ಪಟ್ಟಿಗೆ ಹೆಸರು ಸೇರುವ ಹೊತ್ತಿಗೆ ನಾಮಪತ್ರದ ದಿನ ಮುಗಿದಿತ್ತು. ಟೆಕ್ನಿಕಲ್ ಪ್ರಾಬ್ಲಂ ಅಂದ ಸೆಕ್ರೆಟರಿ ಕೈತೊಳೆದುಕೊಂಡರು. ಕ್ಷಮಿಸಿ ಅನ್ನುವ ಪದ ಅವರ ಬಾಯಿಗೂ ಬರಲಿಲ್ಲ, ಎಲ್ಲರ ದನಿ ಬರುವ ನನ್ನ ಬಾಯಿಗೂ ಬರಲಿಲ್ಲ. ಬದಲಿಗೆ ಈ ಸೆಕೆಂಡಿನ ಸೋಜಿಗವನ್ನು ಮುನಿಯಮ್ಮನಿಗೆ ಉತ್ಸಾಹದಿಂದ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅದಿರ್ಲಿ ಕಣಪ್ಪಾ. ದಿನಾ ನನ್ ಹಿಂದೆ ಕ್ಯಾನ್ ಹಿಡ್ಕೊಂಡು ನಿಂತಿದ್ರಲ್ಲ, ಅವರ್ಯಾಕೆ ಸುಮ್ನಿದ್ರು?"

ಆ ಎರಡು ತಿಂಗಳಲ್ಲಿ ಎಷ್ಟೋ ಬೆಳಿಗ್ಗೆ ಮುನಿಯಮ್ಮನ ಬೆನ್ನ ಹಿಂದೆಯೇ ನಮ್ಮನೆ ಕ್ಯಾನ್ ಹಿಡಿದು ನಿಂತಿದ್ದವನು ನಾನು.